ಸಿಸ್‌ಎಂಎಂಸಿನಾ, ಎಮುಎಂಎಂಸಿನಾ? ಎರಡು ಸ್ವಿಚ್‌ಗಳಲ್ಲಿ ಮಾಡಿ ನೋಡಿದ್ದು

ನಮ್ಮ ಮನೆಯಲ್ಲಿ ಎರಡು ನಿಂಟೆಂಡೊ ಸ್ವಿಚ್ ಇವೆ. ಎರಡೂ 2017ರ ಹಳೇ ಮಾಡೆಲ್. ಒಂದು ನಾನೇ ಹೊಸದಾಗಿ ತಗೊಂಡದ್ದು. ಇನ್ನೊಂದನ್ನು ತಮ್ಮ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ. ವೈಫೈಗೆ ಜೋಡಿಸಿ ಈಶಾಪ್ (ನಿಂಟೆಂಡೊದ ಆನ್‌ಲೈನ್ ಅಂಗಡಿ) ತೆರೆದರೆ ಪರದೆ ಮೇಲೆ 2124-4007 ಅಂತ ಬಂತು. ಅಂದ್ರೆ ನಿಂಟೆಂಡೊ ಈ ಕನ್ಸೋಲನ್ನು ತನ್ನ ಆನ್‌ಲೈನ್ ಸೇವೆಗಳಿಂದ ಮೊದಲೇ ಬ್ಯಾನ್ ಮಾಡಿದೆ. ಮಾರಿದವರು ಈ ವಿಷಯ ಬಾಯಿ ಬಿಟ್ಟಿರಲಿಲ್ಲ. ತಮ್ಮನಿಗೆ ತುಂಬಾ ಬೇಜಾರಾಯಿತು. ಆದರೆ ಅದರಿಂದಲೇ ನನಗೆ ಸ್ವಿಚ್ ಮಾಡ್ ಮಾಡುವ, ಅಂದ್ರೆ ಅದರಲ್ಲಿ ನಿಂಟೆಂಡೊ ಒಪ್ಪದ ಸಾಫ್ಟ್‌ವೇರ್ ಓಡಿಸುವ, ಎರಡು ದಾರಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು: ಒಂದು ಬ್ಯಾನ್ ಆದ ಸ್ವಿಚ್‌ನಲ್ಲಿ, ಇನ್ನೊಂದು ಆಗದ್ದರಲ್ಲಿ.

ಈ ಹಳೇ ಮಾಡೆಲ್‌ಗಳನ್ನು ಮಾಡ್ ಮಾಡೋದು ಸುಲಭ. ಟೆಗ್ರಾ ಎಕ್ಸ್1 ಚಿಪ್‌ನ ಬೂಟ್‌ರಾಮ್‌ನಲ್ಲೇ (ಆನ್ ಆದ ಕೂಡಲೇ ಓಡುವ ಮೊದಲ ಕೋಡ್‌ನಲ್ಲೇ) ಒಂದು ದೋಷವಿದೆ. 2018ರ ಏಪ್ರಿಲ್‌ನಲ್ಲಿ ಅದು ಬಯಲಾಯಿತು, ಹೆಸರು ಫ್ಯುಸೇ ಜೆಲೇ. ಚಿಪ್ ಒಳಗೇ ಇರೋದರಿಂದ ಯಾವ ಅಪ್‌ಡೇಟ್‌ನಿಂದಲೂ ಅದನ್ನು ಮುಚ್ಚಲಾಗುವುದಿಲ್ಲ. ಬಲಗಡೆ ಜಾಯ್‌ಕಾನ್ ಕಂಟ್ರೋಲರ್ ತೆಗೆದು, ಆ ಹಳಿಯ ತಳಕ್ಕೆ ಪಿನ್‌ಗಳನ್ನು ಜೋಡಿಸುವ ಚಿಕ್ಕ ಜಿಗ್ ಸರಿಸಿ, ವಾಲ್ಯೂಮ್ ಪ್ಲಸ್ ಹಿಡಿದು ಪವರ್ ಒತ್ತಬೇಕು. ಪರದೆ ಕಪ್ಪಾಗೇ ಇರುತ್ತದೆ. ಮೊದಲ ಸಲ ಸತ್ತೇಹೋಯ್ತು ಅಂತ ಗಾಬರಿಯಾಗುತ್ತದೆ, ಆದರೆ ಕಪ್ಪಾಗಿದ್ದರೇನೇ ಸರಿ. ಯುಎಸ್‌ಬಿ ಕೇಬಲ್‌ನಲ್ಲಿ ಫೋನ್‌ನಿಂದ ಹೆಕಾಟೆ (ಯಾವ ಸಿಸ್ಟಮ್ ಆನ್ ಮಾಡಬೇಕು ಅಂತ ಆರಿಸುವ, ಬ್ಯಾಕಪ್ ತೆಗೆಯುವ ಚಿಕ್ಕ ಪ್ರೋಗ್ರಾಮ್) ಕಳಿಸಿದರೆ ಅದರ ಮೆನು ಬರುತ್ತದೆ. ಲೈಟ್, ಓಎಲ್‌ಇಡಿ ಮಾಡೆಲ್‌ಗಳಲ್ಲಿ ಈ ದಾರಿ ಇಲ್ಲ. ಅವಕ್ಕೆ ಮಾಡ್‌ಚಿಪ್ ಬೆಸುಗೆ ಹಾಕಬೇಕು. ನಾನು ಅದಕ್ಕೆ ಕೈ ಹಾಕಿಲ್ಲ.

ಮೊದಲ ದಾರಿ ಸಿಸ್‌ಎಂಎಂಸಿ. ಕನ್ಸೋಲ್ ಒಳಗಿರುವ 32 ಜಿಬಿ ಮೆಮೊರಿಯ ಮೇಲೇ ನೇರವಾಗಿ ಅಟ್ಮಾಸ್ಫಿಯರ್ (ಸ್ವಿಚ್‌ಗೆ ಹೊರಗಿನವರು ಬರೆದ ಮಾರ್ಪಾಡು ಸಿಸ್ಟಮ್) ಓಡಿಸೋದು. ಇದನ್ನು ತಮ್ಮನ ಸ್ವಿಚ್‌ನಲ್ಲಿ ಮಾಡಿದೆ, ಹೇಗೂ ಬ್ಯಾನ್ ಆಗಿತ್ತಲ್ವಾ. ನಿಜ ಹೇಳಬೇಕೆಂದರೆ ಬಳಸೋಕೆ ಇದೇ ಆರಾಮ. ಚಿಕ್ಕ ಎಸ್‌ಡಿ ಕಾರ್ಡ್ ಸಾಕು, ಬೇಗ ಶುರುವಾಗುತ್ತದೆ, ಯಾವ ಸೇವ್ ಎಲ್ಲಿದೆ ಅನ್ನೋ ಗೊಂದಲ ಇಲ್ಲ. ನಿಂಟೆಂಡೊ ಸರ್ವರ್‌ಗಳ ವಿಳಾಸಗಳನ್ನು ಅಟ್ಮಾಸ್ಫಿಯರ್‌ನ ಹೋಸ್ಟ್ಸ್ ಫೈಲ್‌ನಲ್ಲೇ ತಡೆಯಬಹುದು.

ತೊಂದರೆ ಬೇರೆ ಕಡೆ ಇದೆ. ಆ ತಡೆ ಅಟ್ಮಾಸ್ಫಿಯರ್ ಓಡುವಾಗ ಮಾತ್ರ. ಅದೇ ಮೆಮೊರಿಯನ್ನು ಮಾಮೂಲಿ ಸಿಸ್ಟಮ್‌ನಲ್ಲಿ ಆನ್ ಮಾಡಿ ಆನ್‌ಲೈನ್ ಹೋದರೆ ತಡೆ ಇರೋದಿಲ್ಲ, ಒಳಗೆ ಉಳಿದ ಗುರುತುಗಳು ಮಾತ್ರ ಇರುತ್ತವೆ. ಕದ್ದ ಗೇಮ್ ಹಾಕಿದ್ದರಂತೂ ಕಥೆ ಮುಗೀತು. ಪ್ರತಿ ಕಾರ್ಟ್ರಿಜ್‌ಗೂ ಅದರದೇ ಸರ್ಟಿಫಿಕೇಟ್ ಇದೆ, ಡಿಜಿಟಲ್ ಗೇಮ್‌ಗೆ ಖಾತೆ ಮತ್ತು ಕನ್ಸೋಲ್‌ಗೆ ಕಟ್ಟಿದ ಟಿಕೆಟ್ ಇದೆ. ಸರ್ವರ್‌ಗೆ ಹೋದ ಕೂಡಲೇ ಅವು ತಾಳೆಯಾಗಬೇಕು. ನಾನು ಕದ್ದ ಗೇಮ್ ಹಾಕೋದಿಲ್ಲ, ಹಾಕಿ ಅಂತಲೂ ಹೇಳೋದಿಲ್ಲ.

ಹಾಗಾದರೆ ಬ್ಯಾಕಪ್ ಇದ್ದರೆ ಬ್ಯಾನ್ ಹೋಗುತ್ತಾ? ತುಂಬಾ ಜನ ಹೀಗೇ ನಂಬಿದ್ದಾರೆ, ನಾನೂ ನಂಬಿದ್ದೆ. ತಮ್ಮನ ಸ್ವಿಚ್ ಜೊತೆ ಬಂದ ಎಸ್‌ಡಿ ಕಾರ್ಡ್‌ನಲ್ಲಿ ಹಳೇ ಮಾಲೀಕರು ಮಾಡ್ ಮಾಡುವ ಮೊದಲು ತೆಗೆದಿಟ್ಟ ಪೂರ್ತಿ ನ್ಯಾಂಡ್ (ಒಳಗಿನ ಮೆಮೊರಿ) ಬ್ಯಾಕಪ್ ಸಿಕ್ಕಿತು. ಆಸೆಯಿಂದ ಅದನ್ನು ವಾಪಸ್ ಹಾಕಿದೆ. ಫರ್ಮ್‌ವೇರ್ ಹಳೆಯದು, ಚಿಪ್‌ನ ಫ್ಯೂಸ್‌ಗಳು (ಹಳೇ ಫರ್ಮ್‌ವೇರ್‌ಗೆ ಹಿಂದಿರುಗದಂತೆ ಅಪ್‌ಡೇಟ್‌ಗಳಲ್ಲಿ ಸುಡುವ ಗುರುತುಗಳು) ಅದಕ್ಕಿಂತ ಜಾಸ್ತಿ ಸುಟ್ಟಿದ್ದವು. ಹಾಗಾಗಿ ಹೆಕಾಟೆ ಮೂಲಕವೇ ಆನ್ ಮಾಡಬೇಕಾಯಿತು. ಎಲ್ಲ ಅಳಿಸಿ, ಅಪ್‌ಡೇಟ್ ಮಾಡಿ, ವೈಫೈ ಹಾಕಿದೆ. ಮತ್ತೆ ಅದೇ 2124-4007.

ಕಾರಣ ಇಷ್ಟೇ. ಪ್ರಾಡ್‌ಇನ್‌ಫೋ ಅನ್ನೋ ಭಾಗದಲ್ಲಿ ಆ ಒಂದು ಕನ್ಸೋಲ್‌ಗೆ ಮಾತ್ರ ಸೇರಿದ ಸರ್ಟಿಫಿಕೇಟ್ ಇರುತ್ತದೆ. ಬ್ಯಾನ್ ಬೀಳೋದು ಅದರ ಮೇಲೆ, ದಾಖಲಾಗಿರೋದು ಸರ್ವರ್‌ನಲ್ಲಿ. ನಮ್ಮ ಕಡೆ ಎಷ್ಟು ಹಿಂದಕ್ಕೆ ಹೋದರೂ ಸರ್ಟಿಫಿಕೇಟ್ ಅದೇ. ಬ್ಯಾಕಪ್ ಯಂತ್ರವನ್ನು ಉಳಿಸುತ್ತದೆ, ಬ್ಯಾನ್ ಆಗದ ಹಾಗೆ ಕಾಯೋದಿಲ್ಲ. ಇವೆರಡೂ ಬೇರೆ ಬೇರೆ.

ಎರಡನೇ ದಾರಿ ಎಮುಎಂಎಂಸಿ. ಒಳಗಿನ ಮೆಮೊರಿಯ ಪೂರ್ತಿ ನಕಲನ್ನು ಎಸ್‌ಡಿ ಕಾರ್ಡ್‌ಗೆ ಹಾಕಿ, ಅಟ್ಮಾಸ್ಫಿಯರನ್ನು ಆ ನಕಲಿನ ಮೇಲೆ ಮಾತ್ರ ಓಡಿಸೋದು. ಒಳಗಿನದ್ದು ಕೈ ತಾಗದೆ ಉಳಿಯುತ್ತದೆ. ಅದರಲ್ಲಿ ದುಡ್ಡು ಕೊಟ್ಟು ತಗೊಂಡ ಗೇಮ್, ಆನ್‌ಲೈನ್ ಆಟ. ಇದನ್ನು ನನ್ನ ಸ್ವಿಚ್‌ನಲ್ಲಿ ಮಾಡಿದ್ದೇನೆ, ಇವತ್ತಿನವರೆಗೆ ಬ್ಯಾನ್ ಆಗಿಲ್ಲ. ನಕಲಿಗೇ 29 ಜಿಬಿ ಮೇಲೆ ಜಾಗ ಬೇಕು, ಹಾಗಾಗಿ 128 ಜಿಬಿ ಕಾರ್ಡ್ ತಗೊಳ್ಳಿ. ಮೊದಲು ಫೈಲ್ ರೂಪದಲ್ಲಿ, ಎಕ್ಸ್‌ಫ್ಯಾಟ್ ಕಾರ್ಡ್‌ನಲ್ಲಿ ಮಾಡಿದ್ದೆ. ನಿಧಾನವಾಗಿತ್ತು, ಒಂದು ದಿನ ಕೆಟ್ಟೂ ಹೋಯಿತು. ಆಮೇಲೆ ಫ್ಯಾಟ್32 ಮಾಡಿ, ನಕಲಿಗೆ ಬೇರೆ ಪಾರ್ಟಿಷನ್ ಕೊಟ್ಟೆ. ಆವತ್ತಿಂದ ತಕರಾರಿಲ್ಲ.

ಎಮುಎಂಎಂಸಿಯನ್ನೂ ಆನ್‌ಲೈನ್‌ಗೆ ಬಿಡಬೇಡಿ. ಸರ್ಟಿಫಿಕೇಟ್ ಎರಡರಲ್ಲೂ ಒಂದೇ, ಅಲ್ಲಿ ಮಾಡಿದ ತಪ್ಪಿಗೆ ಬ್ಯಾನ್ ಆಗೋದು ಇಡೀ ಕನ್ಸೋಲ್. ಇದಕ್ಕೆ ಎರಡು ಉಪಾಯ ನೋಡಿದೆ. ಇನ್‌ಕಾಗ್ನಿಟೊ ಅನ್ನೋ ಟೂಲ್ ಪ್ರಾಡ್‌ಇನ್‌ಫೋ ಮೇಲೇ ಅಳಿಸಿ ಬರೆಯುತ್ತದೆ. ನನಗೆ ಅದು ಭಯವೇ. ಅದರ ಬ್ಯಾಕಪ್ ಕಳೆದರೆ ಮೂಲ ಸರ್ಟಿಫಿಕೇಟನ್ನು ಮತ್ತೆ ತರೋಕೆ ಎಲ್ಲಿಂದಲೂ ಆಗಲ್ಲ. ಇನ್ನೊಂದು, ಅಟ್ಮಾಸ್ಫಿಯರ್‌ನದೇ ಭಾಗವಾದ ಎಕ್ಸೋಸ್ಫಿಯರ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಎಮುಎಂಎಂಸಿಗೆ ಮಾತ್ರ ಪ್ರಾಡ್‌ಇನ್‌ಫೋ ಖಾಲಿಯಾಗಿ ಕಾಣಿಸುವ ಹಾಗೆ ಒಂದು ಸಾಲು ಬದಲಿಸಬಹುದು. ಮೆಮೊರಿಯಲ್ಲಿ ಏನೂ ಬದಲಾಗೋದಿಲ್ಲ. ನನ್ನ ಆಯ್ಕೆ ಇದು, ಜೊತೆಗೆ ಹೋಸ್ಟ್ಸ್ ತಡೆ.

ಎಮುಎಂಎಂಸಿಯ ನಿಜವಾದ ಕೊರತೆ ಸೇವ್‌ಗಳದ್ದು. ಮಗಳು ಅನಿಮಲ್ ಕ್ರಾಸಿಂಗ್ ನ್ಯೂ ಹೊರೈಜನ್ಸ್ ಆಡೋದು ಒಳಗಿನ ಮೆಮೊರಿಯಲ್ಲಿ. ಆ ಗೇಮ್‌ಗೆ ಮಾಮೂಲಿ ಸೇವ್ ಕ್ಲೌಡ್ ಇಲ್ಲ. ಜೆಕೆಎಸ್‌ವಿ ಅನ್ನೋ ಸೇವ್ ಟೂಲ್ ಹಾಕಿ ಸೇವ್ ತೆಗೆಯೋಣ ಅಂದ್ರೆ ಅಲ್ಲೇ ಅಟ್ಮಾಸ್ಫಿಯರ್ ಓಡಿಸಬೇಕು, ಇಷ್ಟು ದಿನ ಕಾಪಾಡಿದ್ದು ವ್ಯರ್ಥ. ನಾನು ಮಾಡೋದು ಹೀಗೆ: ಹೆಕಾಟೆ ಕೆಲಸ ಮಾಡುವಾಗ ಸ್ವಿಚ್‌ನ ಸಿಸ್ಟಮ್ ಆನ್ ಆಗಿರೋದೇ ಇಲ್ಲ, ಹಾಗಾಗಿ ಅಲ್ಲಿಂದ ಹೊಸ ಎಮುಎಂಎಂಸಿ ತೆಗೆಯುತ್ತೇನೆ. ಮಗಳ ದ್ವೀಪ, ಅವಳು ನೆಟ್ಟ ಹೂವು, ಎಲ್ಲ ಆ ನಕಲಿಗೆ ಬರುತ್ತದೆ. ನಕಲಿನಲ್ಲಿ ಜೆಕೆಎಸ್‌ವಿ ಓಡಿಸಿ ಸೇವ್ ತೆಗೆದುಕೊಳ್ಳುತ್ತೇನೆ. ಪೂರ್ತಿ ನ್ಯಾಂಡ್ ಬ್ಯಾಕಪ್ ಒಂದನ್ನೇ ನಂಬಬೇಡಿ. ಎಂಟು ತಿಂಗಳ ಹಿಂದಿನದನ್ನು ವಾಪಸ್ ಹಾಕಿದರೆ ದ್ವೀಪವೂ ಎಂಟು ತಿಂಗಳು ಹಿಂದಕ್ಕೆ ಹೋಗುತ್ತದೆ.

ನಿಂಟೆಂಡೊದ ಹಳೇ ಕನ್ಸೋಲ್ 3ಡಿಎಸ್‌ಗೆ ಇಷ್ಟೆಲ್ಲ ತಲೆನೋವಿಲ್ಲ. 2024ರ ಏಪ್ರಿಲ್‌ನಲ್ಲಿ ಅದರ ಆನ್‌ಲೈನ್ ಆಟವೇ ನಿಂತಿತು. ಗಾಡ್‌ಮೋಡ್9 ಅನ್ನೋ ಟೂಲ್‌ನಲ್ಲಿ ಒಂದು ನ್ಯಾಂಡ್ ಬ್ಯಾಕಪ್ ತೆಗೆದಿಟ್ಟರೆ ಸಾಕು. ಸ್ವಿಚ್ 2 ಇರೋರು ಸುಮ್ನೆ ಇದ್ದುಬಿಡಿ. ನಿಯಮ ಮೀರಿದರೆ ಕನ್ಸೋಲನ್ನೇ ಶಾಶ್ವತವಾಗಿ ಬಳಸಲಾಗದಂತೆ ಮಾಡಬಹುದು ಅಂತ 2025ರ ಮೇನಲ್ಲಿ ಅಮೆರಿಕದ ಒಪ್ಪಂದದಲ್ಲಿ ನಿಂಟೆಂಡೊ ಬರೆದಿದೆ.

ಬ್ಯಾಕಪ್ ತೆಗೆಯುವಾಗ ಹೆಕಾಟೆಯಲ್ಲಿ ಪೂರ್ತಿ ಪರಿಶೀಲನೆ ಆನ್ ಮಾಡಿ. ಒಂದು ಅಂಗಡಿಯಲ್ಲಿ ತಂದ 64 ಜಿಬಿ ಕಾರ್ಡ್‌ನಲ್ಲಿ ನನ್ನ ಮೊದಲ ಬ್ಯಾಕಪ್ ಕೊನೆವರೆಗೂ ಚೆನ್ನಾಗೇ ಬರೆಯಿತು. ಪರಿಶೀಲನೆಗೆ ಬಂದಾಗ ಅರ್ಧದಾರಿಯಲ್ಲಿ ತಾಳೆಯಾಗಲಿಲ್ಲ. ಕಾರ್ಡೇ ನಕಲಿ! ಸಮಯ ಉಳಿಸೋಣ ಅಂತ ಅದನ್ನು ಬಿಟ್ಟಿದ್ದರೆ ಇವತ್ತೂ ಆ ಕಸವನ್ನೇ ಬ್ಯಾಕಪ್ ಅಂತ ಇಟ್ಟುಕೊಂಡಿರುತ್ತಿದ್ದೆ. ಭಾರತದಲ್ಲಿ ಸ್ವಿಚ್‌ಗೆ ಅಧಿಕೃತ ಮಾರಾಟವೇ ಇಲ್ಲ, ಕೆಟ್ಟರೆ ಹೊತ್ತುಕೊಂಡು ಹೋಗೋಕೆ ಜಾಗವಿಲ್ಲ. ಈಗ ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಎರಡು ಫೋಲ್ಡರ್ ಇವೆ. ಒಂದೊಂದರಲ್ಲೂ ರಾನ್ಯಾಂಡ್ (ಒಳಗಿನ ಮೆಮೊರಿಯ ನಕಲು) ತುಂಡುಗಳು, ಆನ್ ಆಗೋಕೆ ಬೇಕಾದ ಬೂಟ್0, ಬೂಟ್1 ಫೈಲ್‌ಗಳು, ಆ ಕನ್ಸೋಲ್‌ನ ಕೀಗಳು. ಒಂದರದ್ದು ಇನ್ನೊಂದಕ್ಕೆ ಆಗೋದಿಲ್ಲ. ಅದಕ್ಕೇ ಫೋಲ್ಡರ್ ಹೆಸರಲ್ಲೇ ಸೀರಿಯಲ್ ನಂಬರ್ ಬರೆದಿಟ್ಟಿದ್ದೇನೆ.