ಒಡೆದ ಸಿಮೆಂಟಿನ ಒರಟುತನ ಅಳೆಯಲು: ಕಾನ್‌ಫೋಕಲ್ಲಾ, ಎಸ್‌ಇಎಮ್ಮಾ?

ಒಡೆದ ತುಂಡಿನ ಮೇಲೆ ಬೆರಳಾಡಿಸಿ ನೋಡಿ. ಬರೀ ಸಿಮೆಂಟ್ ಪೇಸ್ಟ್ ಸಾಕಷ್ಟು ನುಣುಪು. ಮರಳು ಸೇರಿದ ಗಾರೆ ತರಿತರಿ, ಬಿರುಕು ಕಾಳುಗಳನ್ನು ಸುತ್ತಿಕೊಂಡು ಹೋಗಿರುತ್ತದೆ ಅಲ್ವಾ? ಈ ತರಿಯನ್ನು ಅಂಕಿಯಲ್ಲಿ ಹೇಳಬೇಕಾದರೆ ನನ್ನ ಆಯ್ಕೆ ಕಾನ್‌ಫೋಕಲ್ ಮೈಕ್ರೋಸ್ಕೋಪ್.

ಅದು ಫೋಕಸ್‌ನಲ್ಲಿರುವ ಪದರವನ್ನಷ್ಟೇ ಹಿಡಿಯುತ್ತದೆ. ಎತ್ತರ ಬದಲಿಸುತ್ತಾ ಚಿತ್ರ ತೆಗೆದು ಜೋಡಿಸಿದರೆ ಪ್ರತಿ ಬಿಂದುವಿನ ಎತ್ತರವೂ ಸಿಗುತ್ತದೆ. ನಿಜವಾದ ಮೇಲ್ಮೈ ವಿಸ್ತೀರ್ಣವನ್ನು ಮೇಲಿನಿಂದ ಕಾಣುವ ವಿಸ್ತೀರ್ಣದಿಂದ ಭಾಗಿಸಿ. ಪೂರ್ತಿ ಸಪಾಟಾದರೆ 1, ಒರಟಾದಷ್ಟೂ ಜಾಸ್ತಿ. ಸಂಶೋಧಕರಾದ ಲ್ಯಾಂಗ್, ಜೆನ್ನಿಂಗ್ಸ್ ಮತ್ತು ಶಾ 1993ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಹೀಗೆಯೇ ಅಳೆದು, ಒರಟುತನಕ್ಕೂ ಬಿರುಕು ತಡೆಯುವ ಗುಣಕ್ಕೂ ನಂಟು ತೋರಿಸಿದರು. ಒಂದು ತೊಂದರೆ ಇದೆ: ಕಡಿದಾದ ಗುಂಡಿಗಳ ಗೋಡೆಯಿಂದ ಬೆಳಕು ಸರಿಯಾಗಿ ವಾಪಸ್ ಬರುವುದಿಲ್ಲ. ಅಲ್ಲಿ ಸುಳ್ಳು ಮೊನೆಗಳು ಕಾಣುತ್ತವೆ, ಸೋಸಿ ತೆಗೆಯಬೇಕು.

ಎಸ್‌ಇಎಮ್ (ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣದಿಂದ ನೋಡುವ ಮೈಕ್ರೋಸ್ಕೋಪ್) ಚಿತ್ರಗಳು ಬಲು ಚೆಂದ. ಸಿಮೆಂಟ್ ಗಟ್ಟಿಯಾಗುವಾಗ ಬೆಳೆಯುವ ಎಟ್ರಿಂಗೈಟ್ ಹರಳಿನ ಸೂಜಿಗಳು ಒಂದೊಂದೂ ಕಾಣುತ್ತವೆ. ಆದರೆ ಎತ್ತರ ನೇರವಾಗಿ ಸಿಗದು. ತುಂಡನ್ನು ಓರೆ ಮಾಡಿ ಎರಡು ಚಿತ್ರ ತೆಗೆದು ಲೆಕ್ಕ ಹಾಕಬೇಕು. ಸಾಮಾನ್ಯವಾಗಿ ಒಣಗಿಸಿ, ಚಿನ್ನದ ತೆಳು ಲೇಪನವನ್ನೂ ಕೊಡಬೇಕು. ಒಣಗುವಾಗಲೇ ಹೊಸ ಬಿರುಕು ಬೀಳಬಹುದು. ಬಿರುಕು ಯಾವ ದಾರಿ ಹಿಡಿಯಿತು ಎಂದು ನೋಡುವುದಾದರೆ ಇದನ್ನೇ ಹಿಡಿಯಿರಿ.

ಯಾವುದನ್ನೇ ಆರಿಸಿ, ಎಲ್ಲ ತುಂಡುಗಳನ್ನೂ ಒಂದೇ ಪಟ್ಟು ಹಿಗ್ಗಿಸಿ ನೋಡಿ. ಸೂಕ್ಷ್ಮವಾಗಿ ಅಳೆದಷ್ಟೂ ಒರಟುತನದ ಅಂಕಿ ಏರುತ್ತದೆ.