ಒತ್ತಕ್ಷರದ ಕೀಲಿ: ಮೆಕ್ಯಾನಿಕಲ್ ಕೀಲಿಮಣೆಯೊಂದಿಗೆ ಎರಡೂವರೆ ವರ್ಷ

ಚಿಕ್ಕಮಗಳೂರಿನಲ್ಲಿ ಪತ್ರಬರಹಗಾರನಾಗಿ ದಿನಕ್ಕೆ ಆರೇಳು ಗಂಟೆ ಟೈಪು ಮಾಡುವ ನಾನು, 2022ರ ಏಪ್ರಿಲ್‌ನಲ್ಲಿ 4,500 ರೂಪಾಯಿ ಕೊಟ್ಟು ಕಂದು ಸ್ವಿಚ್ಚುಗಳ ಮೆಕ್ಯಾನಿಕಲ್ ಕೀಲಿಮಣೆಯೊಂದನ್ನು, ಅಂದರೆ ಪ್ರತಿ ಕೀಲಿಯ ಕೆಳಗೂ ಅದರದೇ ಸ್ಪ್ರಿಂಗಿನ ಸ್ವಿಚ್ಚು ಇರುವಂಥದ್ದನ್ನು, ತರಿಸಿಕೊಂಡೆ. ಅಲ್ಲಿಯವರೆಗೆ ಬಳಸುತ್ತಿದ್ದದ್ದು 600 ರೂಪಾಯಿಯ ಸಾಧಾರಣ ಕೀಲಿಮಣೆ. ವರ್ಷ ತುಂಬುವಷ್ಟರಲ್ಲಿ ಅದರ ಒಂದೆರಡು ಕೀಲಿಗಳು ಒತ್ತಿದಲ್ಲೇ ಕುಳಿತುಬಿಡುತ್ತಿದ್ದವು. ಆ ಲೆಕ್ಕದಲ್ಲಿ ಏಳೆಂಟು ವರ್ಷ ಬಾಳಿದರೆ ಮಾತ್ರ ಹೊಸದರ ಹಣ ಹುಟ್ಟುತ್ತದೆ ಎಂದು ಗೊತ್ತಿದ್ದೂ ಕೊಂಡೆ, ಏಕೆಂದರೆ ಸಂಜೆಯಾಯಿತೆಂದರೆ ಎಡಗೈಯ ತೋರುಬೆರಳು ನೋಯುತ್ತಿತ್ತು.

ಆ ಬೆರಳೇ ಏಕೆ ಎಂಬುದನ್ನು ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪು ಮಾಡುವವರಿಗೆ ವಿವರಿಸಬೇಕಾಗಿಲ್ಲ. ಅದರಲ್ಲಿರುವ, ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮೂಡಬೇಕಾದರೆ ಎರಡು ವ್ಯಂಜನಗಳ ನಡುವೆ, ಎಡ ತೋರುಬೆರಳಿನ ಪಾಲಿನ ಎಫ್ ಕೀಲಿಯನ್ನು ಒತ್ತಬೇಕು. ‘ಚಕ್ಕುಬಂದಿ’ಗೆ ಅದು ಒಂದು ಸಲ, ‘ಕ್ರಯಪತ್ರ’ಕ್ಕೆ ಎರಡು ಸಲ, ಸ್ವತ್ತು, ಹಕ್ಕು, ಸ್ವಾಧೀನ ಎಂದು ಸಾಗುವ ನಮ್ಮ ಪತ್ರಗಳಲ್ಲಿ ಒತ್ತಿಲ್ಲದ ಸಾಲನ್ನು ಹುಡುಕಿಯೇ ತೆಗೆಯಬೇಕು. ಇಂಗ್ಲಿಷಿನಲ್ಲಿ ಎಫ್ ಅಷ್ಟಾಗಿ ಬಳಕೆಯಾಗದ ಅಕ್ಷರವಾದ್ದರಿಂದ, ಕೊಳ್ಳುವ ಮೊದಲು ನಾನು ಓದಿದ ಹತ್ತಾರು ವಿಮರ್ಶೆಗಳಲ್ಲಿ ಒಂದಾದರೂ ಈ ಕೀಲಿಯ ವಿಚಾರ ಎತ್ತಿರಲಿಲ್ಲ. ಹಾಗೆಯೇ ದೀರ್ಘಸ್ವರ, ಮಹಾಪ್ರಾಣ, ಣಕಾರ, ಳಕಾರಗಳಿಗೆಲ್ಲ ಶಿಫ್ಟ್ ಬೇಕಾಗುವುದರಿಂದ ಕಿರುಬೆರಳಿಗೂ ಬಿಡುವಿಲ್ಲ.

ಒತ್ತಿದಾಗ ಸ್ವಿಚ್ಚು ಹೇಗೆ ಇಳಿಯುತ್ತದೆ, ಎಷ್ಟು ಸದ್ದು ಮಾಡುತ್ತದೆ ಎಂಬುದನ್ನು ಸೂಚಿಸುವ ಬಣ್ಣಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ, ಮತ್ತೆ ಹೇಳುವುದಿಲ್ಲ. ನೀಲಿಯದು ಕೈಗೆ ಹಿತವೆನಿಸಿದರೂ, ಅದರ ಟಿಕ್‌ಟಿಕ್ ಸದ್ದಿನ ನಡುವೆ ಎದುರಿಗೆ ಕುಳಿತ ಕಕ್ಷಿದಾರರು ಸರ್ವೆ ನಂಬರನ್ನು ಎರಡೆರಡು ಸಲ ಹೇಳಬೇಕಾಗುತ್ತದೆ; ಆದ್ದರಿಂದ ಕಂದು. ಕೀಲಿ ಪೂರ್ತಿ 4 ಮಿ.ಮೀ. ಇಳಿಯುವ ಮೊದಲೇ, ಸುಮಾರು 2 ಮಿ.ಮೀ.ನಲ್ಲಿ, ಅಕ್ಷರ ಮೂಡುತ್ತದೆ ಎಂಬುದನ್ನು ಬೆರಳಿಗೆ ಒಪ್ಪಿಸಲು ನನಗೆ ಒಂದು ತಿಂಗಳು ಬೇಕಾಯಿತು. ಟೈಪ್‌ರೈಟರ್ ಕುಟ್ಟಿ ಕಲಿತ ಕೈ, ತಳ ಮುಟ್ಟದೆ ಬಿಡುತ್ತಿರಲಿಲ್ಲ. ಮಣೆಯ ಎತ್ತರ ಹೆಚ್ಚಾಗಿ ಮಣಿಕಟ್ಟು ಹಿಂದಕ್ಕೆ ಬಾಗುತ್ತಿದ್ದುದರಿಂದ, ತೋಟದಲ್ಲಿ ಉರುಳಿದ್ದ ಸಿಲ್ವರ್ ಓಕ್ ಮರದ ತುಂಡೊಂದನ್ನು ಬಡಗಿಯಿಂದ ನಯ ಮಾಡಿಸಿ ಮುಂದಿಟ್ಟುಕೊಂಡೆ. ಬೆಳಿಗ್ಗೆ ಬಾಗಿಲು ತೆರೆದು, ಮಣೆಯನ್ನು ಬೋರಲು ಮಾಡಿ ನಾಲ್ಕು ಸಲ ತಟ್ಟಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಹಲಗೆಯನ್ನು ಅದಕ್ಕೆ ಸರಿಯಾಗಿ ಹೊಂದಿಸಿದ ಮೇಲೆಯೇ ಕಂಪ್ಯೂಟರ್ ಹಚ್ಚುವುದು. ಕಾಫಿ ಲೋಟಕ್ಕೆ ಈಗ ಮೇಜಿನ ಮೇಲೆ ಜಾಗವಿಲ್ಲ, ಕಿಟಕಿಯ ಕಟ್ಟೆಯೇ ಗತಿ.

ಎರಡು ಮಳೆಗಾಲ ಇದು ತಕರಾರಿಲ್ಲದೆ ಕಳೆಯಿತು. ಮೂರನೆಯದರಲ್ಲಿ, 2024ರ ಜುಲೈನಲ್ಲಿ, ಆರ್ ಕೀಲಿ ಒಂದು ಸಲ ಒತ್ತಿದರೆ ಎರಡು ಸಲ ಬರೆಯತೊಡಗಿತು. ಮರ ಎಂಬುದು ‘ಮರರ’ವಾದರೆ ನಗಬಹುದು, ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ವಿಭಾಗಪತ್ರದಲ್ಲಿ ಎಕರೆ ‘ಎಕರರೆ’ಯಾಗಿ, ಅದೂ ಛಾಪಾ ಕಾಗದದ ಮೇಲೆ ಮುದ್ರಣವಾದ ನಂತರ ಕಣ್ಣಿಗೆ ಬಿದ್ದರೆ ನಗು ಬರುವುದಿಲ್ಲ. ಮಾರಿದವರನ್ನು ಕೇಳಿದ್ದಕ್ಕೆ, ವಾರಂಟಿ ಒಂದೇ ವರ್ಷ, ಅದು ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಕೋಟಿಗಟ್ಟಲೆ ಒತ್ತು ತಾಳುತ್ತದೆ ಎಂಬ ಜಾಹೀರಾತನ್ನು ನಂಬಿದ ನನ್ನನ್ನೇ ನಾನು ಬೈದುಕೊಂಡೆ. ಆ ವಾರ ಈ ವಿಮರ್ಶೆ ಬರೆದಿದ್ದರೆ ಅದು ಎರಡೇ ಸಾಲಿನದಾಗಿರುತ್ತಿತ್ತು.

ಈ ಮಣೆಯ ಸ್ವಿಚ್ಚುಗಳನ್ನು ಬೆಸುಗೆಯಿಲ್ಲದೆ ಕಿತ್ತು ಬದಲಿಸಬಹುದು ಎಂಬುದು ಡಬ್ಬದ ಮೇಲೆಯೇ ಇತ್ತು. ಅದು ಹುಡುಗರ ಆಟಕ್ಕೆ ಎಂದು ಕಡೆಗಣಿಸಿದ್ದೆ. ವೈರು ಬಿಡಿಸಿ, ಜೊತೆಯಲ್ಲಿ ಬಂದಿದ್ದ ಚಿಮುಟದಿಂದ ಆರ್ ಸ್ವಿಚ್ಚನ್ನು ಎತ್ತಿದಾಗ ಅದರ ಅಂಚಿನಲ್ಲಿ ಕೆಂಪು ಪುಡಿ ಕಂಡಿತು. ಹಿಂದಿನ ಆಯುಧಪೂಜೆಯ ಕುಂಕುಮ! ದೋಷಕ್ಕೆ ಅದೇ ಕಾರಣವೆಂದು ಆಣೆ ಮಾಡಲಾರೆ, ಆದರೆ ಮಾರಿದವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಎಂದೂ ಮುಟ್ಟದ ಸ್ಕ್ರೋಲ್ ಲಾಕ್ ಕೀಲಿಯ ಸ್ವಿಚ್ಚನ್ನು ಆರ್ ಜಾಗಕ್ಕೂ, ಆರ್‌ನದನ್ನು ಅದರ ಜಾಗಕ್ಕೂ ಹಾಕಿದೆ. ಐದು ನಿಮಿಷದ ಕೆಲಸ, ಖರ್ಚು ಸೊನ್ನೆ. ಸ್ವಿಚ್ಚಿನ ತಂತಿಕಾಲುಗಳು ತೆಳುವಾಗಿರುತ್ತವೆ, ನೆಟ್ಟಗೆ ಇಳಿಸದಿದ್ದರೆ ಮಡಚಿಕೊಳ್ಳುತ್ತವೆ ಎಂಬುದಷ್ಟೇ ಎಚ್ಚರ.

ಆಗ ಹೊಳೆದದ್ದು ಎಫ್. ಕಂದು ಸ್ವಿಚ್ಚಿನ ನಡುವೆ ಸಿಗುವ ಸಣ್ಣ ತಡೆ ಉಳಿದೆಲ್ಲ ಬೆರಳುಗಳಿಗೆ ಹಿತವೇ. ಆದರೆ ದಿನಕ್ಕೆ ಸಾವಿರಾರು ಸಲ ಅದನ್ನು ದಾಟುವ ಬೆರಳಿಗೆ ಅದು ದಣಿವು. ತಡೆಯಿಲ್ಲದೆ ಇಳಿಯುವ ಕೆಂಪು ಸ್ವಿಚ್ಚುಗಳ ಹತ್ತರ ಪೊಟ್ಟಣವನ್ನು 250 ರೂಪಾಯಿಗೆ ತರಿಸಿ, ಒಂದನ್ನು ಎಫ್‌ಗೆ, ಎರಡನ್ನು ಶಿಫ್ಟ್‌ಗಳಿಗೆ ಹಾಕಿದೆ. ಮೊದಲ ವಾರ ಬೆರಳು ಸುಮ್ಮನೆ ತಾಗಿದರೂ ಒತ್ತು ಬಿದ್ದು ಮನೆ ‘ಮ್ನೆ’ಯಾಗುತ್ತಿತ್ತು. ಎರಡನೆಯ ವಾರದಿಂದ ಅದೂ ನಿಂತಿತು. ಈಗ ಸಂಜೆ ಬೆರಳು ನೋಯುವುದಿಲ್ಲ. ಆರಂಭದಲ್ಲಿ ತೆತ್ತ 4,500 ಕೊಡದ ಸುಖವನ್ನು ಈ 250 ಕೊಟ್ಟಿತು.

ಕೀಲಿಗಳ ಮೇಲಿನ ಟೋಪಿಗಳು ಮಾತ್ರ ನಿರಾಶೆ. ಎಬಿಎಸ್ ಪ್ಲಾಸ್ಟಿಕ್ಕಿನವಾದ್ದರಿಂದ ಎಣ್ಣೆ ಸವರಿದಂತೆ ಹೊಳೆಯುತ್ತಿವೆ. ಎಫ್ ಮೇಲಿನ ಬೆರಳು ಗುರುತಿಸುವ ಗೆರೆ ಸವೆದು ಸಮತಟ್ಟಾಗಿದೆ. ಕೊಳ್ಳುವವರು ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಬೇಗ ಸವೆಯದ ಪಿಬಿಟಿ ಪ್ಲಾಸ್ಟಿಕ್ಕಿನ ಟೋಪಿಗಳಿಗೆ ಕೊಡಲಿ, ಸ್ವಿಚ್ಚು ಬದಲಿಸಲು ಬಾರದ ಮಣೆಯನ್ನು ಎಷ್ಟೇ ಅಗ್ಗವಾದರೂ ಬಿಡಲಿ. ದಿನಕ್ಕೊಂದು ಪುಟ ಟೈಪು ಮಾಡುವವರಿಗೆ 600 ರೂಪಾಯಿಯದೇ ಸಾಕು.

2024ರ ಆಯುಧಪೂಜೆಗೆ ಟೋಪಿಗಳನ್ನೆಲ್ಲ ಕಿತ್ತು ಸೋಪುನೀರಿನಲ್ಲಿ ತೊಳೆದು ಜಗಲಿಯಲ್ಲಿ ಒಣಗಿಸಿದೆ. ಕುಂಕುಮವನ್ನು ಸಿಲ್ವರ್ ಓಕ್ ಹಲಗೆಗೆ ಹಚ್ಚಿ, ಮಣೆಯ ಮೇಲೆ ಒಂದು ಸೇವಂತಿಗೆ ಹೂವನ್ನು ಮಾತ್ರ ಇಟ್ಟೆ.