ಸ್ಟಾರ್ಡ್ಯೂ ವ್ಯಾಲಿಯ ಮೊದಲ ಎರಡು ಸಾವಿರ: ಚೀಲಕ್ಕೋ, ಸ್ಟ್ರಾಬೆರಿಗೋ?

ತೋಟ ಮಾಡಿ ಬದುಕುವ ವಿಡಿಯೊ ಗೇಮ್ ಸ್ಟಾರ್ಡ್ಯೂ ವ್ಯಾಲಿ ಶುರು ಮಾಡಿದ ಎಲ್ಲರಿಗೂ ಈ ಸಂಕಟ ಗೊತ್ತು. ಹೆಗಲ ಚೀಲದಲ್ಲಿ ಇರುವುದು 12 ಖಾನೆ. ಅದರಲ್ಲಿ ಐದು ಮೊದಲೇ ಭರ್ತಿ: ಕೊಡಲಿ, ಗುದ್ದಲಿ, ಪಿಕಾಸಿ, ನೀರಿನ ಕ್ಯಾನ್, ಕುಡುಗೋಲು. ಎರಡನೇ ದಿನ ಮೀನುಗಾರ ವಿಲ್ಲಿ ಗಾಳ ಕೊಡುತ್ತಾನೆ. ಐದನೇ ದಿನ ಗಣಿ ತೆರೆಯುತ್ತದೆ, ಮಾರ್ಲನ್ ಕತ್ತಿ ಕೊಡುತ್ತಾನೆ. ಪುಕ್ಕಟೆ ಸಿಕ್ಕಿತು ಅಂತ ಖುಷಿಪಡುವಷ್ಟರಲ್ಲಿ ಉಳಿದಿರುವುದು ಐದೇ ಖಾನೆ.

ಆ ಐದು ಖಾನೆ ಹೊತ್ತು ಗಣಿಗೆ ಇಳಿದು ನೋಡಿ. ಕಲ್ಲಿಗೆ ಒಂದು, ತಾಮ್ರದ ಅದಿರಿಗೆ ಒಂದು, ಕಲ್ಲಿದ್ದಲಿಗೆ ಒಂದು, ಸ್ಲೈಮಿಗೆ (ಲೋಳೆ) ಒಂದು, ಹುಳದ ಮಾಂಸಕ್ಕೆ ಒಂದು. ಮುಗೀತು. ಒಂದು ಖಾನೆಯಲ್ಲಿ 999ರ ತನಕ ಹಿಡಿಯುತ್ತದೆ ನಿಜ, ಆದರೆ ಒಂದೇ ಜಾತಿಯದ್ದು. ಅಷ್ಟರಲ್ಲಿ ಕಲ್ಲು ಒಡೆದು ಅಮೆಥಿಸ್ಟ್ ಹರಳು ಬೀಳುತ್ತದೆ. ನೀವು ಅದರ ಮೇಲೇ ನಿಂತರೂ ಅದು ಚೀಲಕ್ಕೆ ಬರಲ್ಲ. ಹುಳದ ಮಾಂಸ ಎಸೆಯಬೇಕಾ, ಸ್ಲೈಮ್ ಎಸೆಯಬೇಕಾ ಅಂತ ಯೋಚಿಸುತ್ತಾ ನಿಲ್ಲಬೇಕು.

ಇದಕ್ಕೆ ಊರಿನ ವ್ಯಾಪಾರಿ ಪಿಯರ್ ಅಂಗಡಿಯಲ್ಲಿ ಮದ್ದಿದೆ. 2,000 ಗೋಲ್ಡ್ (ಆಟದ ದುಡ್ಡು) ಕೊಟ್ಟರೆ ಚೀಲ 24 ಖಾನೆಯದ್ದಾಗುತ್ತದೆ. ಆಮೇಲೆ 10,000 ಕೊಟ್ಟರೆ 36. ತೊಡಕು ಏನೆಂದರೆ, ಆಟದ ಮೊದಲ ಋತುವಾದ ವಸಂತದಲ್ಲಿ ಎರಡು ಸಾವಿರ ಅಂದರೆ ಕೈಯಲ್ಲಿರುವ ದುಡ್ಡೆಲ್ಲ. ಆಟ ಶುರುವಾಗುವುದೇ 500 ಗೋಲ್ಡ್ ಮತ್ತು 15 ಪಾರ್ಸ್ನಿಪ್ ಬೀಜದಿಂದ. (ಪಾರ್ಸ್ನಿಪ್ ಅಂದರೆ ಬಿಳಿ ಕ್ಯಾರೆಟ್ ತರಹದ ಗಡ್ಡೆ. ಆಟದಲ್ಲಿ ನೂರಾರು ಬೆಳೆದಿದ್ದೇನೆ, ನಿಜದಲ್ಲಿ ಒಂದನ್ನೂ ತಿಂದಿಲ್ಲ.) ಹಾಗಾಗಿ ಎರಡು ಹೊಸ ತೋಟ ಶುರು ಮಾಡಿ, ಎರಡು ದಾರಿಯನ್ನೂ ನೋಡಿದೆ.

ಮೊದಲ ತೋಟದಲ್ಲಿ ಚೀಲವೇ ಮೊದಲು ಅಂದುಕೊಂಡೆ. ಮೀನು ಹಿಡಿದು, ಪಾರ್ಸ್ನಿಪ್ ಮಾರಿ, ಒಂಬತ್ತನೇ ದಿನ ದುಡ್ಡು ಹೊಂದಿಸಿದೆ. ಆಗ ಸಂಜೆ ಐದು ದಾಟಿತ್ತು, ಅಂಗಡಿ ಬಾಗಿಲು ಹಾಕಿತ್ತು. ಮರುದಿನ ಬುಧವಾರ, ಪಿಯರ್‌ಗೆ ರಜ. ಚೀಲ ಸಿಕ್ಕಿದ್ದು 11ನೇ ದಿನ. ಸಿಕ್ಕ ಮೇಲೆ ಮಾತ್ರ ಆಟದ ಗತಿಯೇ ಬದಲಾಯಿತು. ಆಟದ ಒಂದು ದಿನ ಅಂದರೆ ಹೆಚ್ಚೆಂದರೆ ನಮ್ಮ 14 ನಿಮಿಷ. ಗಣಿಯಿಂದ ಮನೆಗೆ ಬಂದು ಸಾಮಾನು ಇಳಿಸಿ ವಾಪಸ್ ಹೋಗುವುದರಲ್ಲೇ ಅದರಲ್ಲಿ ಒಂದು ಪಾಲು ಕರಗುತ್ತಿತ್ತು. ಆ ಓಡಾಟ ನಿಂತಿತು. ಈ ತೋಟದಲ್ಲಿ 20ಕ್ಕೇ ಗಣಿಯ 40ನೇ ಮಹಡಿ ಮುಟ್ಟಿದೆ.

ಆದರೆ 13ರ ಮೊಟ್ಟೆ ಹಬ್ಬಕ್ಕೆ ಹೋದಾಗ ಕೈ ಖಾಲಿ. ಪಿಯರ್ ಮಳಿಗೆಯಲ್ಲಿ ಸ್ಟ್ರಾಬೆರಿ ಬೀಜ ಒಂದಕ್ಕೆ 100 ಗೋಲ್ಡ್. ನಾನು ಸುಮ್ನೆ ನೋಡಿಕೊಂಡು ಬಂದೆ.

ಎರಡನೇ ತೋಟದಲ್ಲಿ ಚೀಲ ಮುಟ್ಟಲಿಲ್ಲ. ಅದೇ ಎರಡು ಸಾವಿರಕ್ಕೆ 20 ಸ್ಟ್ರಾಬೆರಿ ಬೀಜ ತಂದೆ. ಹಬ್ಬ ಮುಗಿಸಿ ಮನೆ ಸೇರುವಾಗ ರಾತ್ರಿ ಹತ್ತು ಗಂಟೆ. ಆ ರಾತ್ರಿಯೇ ಬಿತ್ತಿ ನೀರು ಹಾಕಬೇಕು. ಮಲಗಿ ಎದ್ದು ಬಿತ್ತಿದರೆ ಒಂದು ದಿನ ಜಾರಿ, ಎರಡನೇ ಕೊಯ್ಲು 26ಕ್ಕೆ ಹೋಗುತ್ತದೆ. ಬೆಳಿಗ್ಗೆಯೇ ಅಗೆದಿಟ್ಟರೆ ರಾತ್ರಿ ಸುಲಭ. ಎಂಟು ದಿನಕ್ಕೆ ಹಣ್ಣು, ಆಮೇಲೆ ನಾಲ್ಕು ದಿನಕ್ಕೊಮ್ಮೆ. ಅಂದರೆ 21ಕ್ಕೆ ಒಂದು, 25ಕ್ಕೆ ಒಂದು. ಹಣ್ಣಿಗೆ 120ರಂತೆ 40 ಹಣ್ಣಿಗೆ 4,800. ಬೀಜದ ಖರ್ಚು ಕಳೆದು 2,800 ಲಾಭ.

ಅಲ್ಲಿಯವರೆಗೆ 12 ಖಾನೆಯಲ್ಲೇ ಬದುಕಬೇಕಲ್ವಾ? ಅದಕ್ಕೆ ಪೆಟ್ಟಿಗೆ ಇದೆ. 50 ಮರದ ತುಂಡಿಗೆ ಒಂದು ಪೆಟ್ಟಿಗೆ, ಒಳಗೆ 36 ಖಾನೆ. ಒಂದು ಪೆಟ್ಟಿಗೆ ಮನೆ ಮುಂದೆ ಇಟ್ಟು ಗುದ್ದಲಿ, ಕ್ಯಾನ್, ಕುಡುಗೋಲು, ಕೊಡಲಿ, ಗಾಳ ಎಲ್ಲವನ್ನೂ ಅದರಲ್ಲೇ ಹಾಕಿದೆ. ಪಿಕಾಸಿ, ಕತ್ತಿ, ಒಂದಿಷ್ಟು ತಿನಿಸು ಅಷ್ಟೇ ಹಿಡಿದು ಹೊರಟರೆ ಒಂಬತ್ತು ಖಾನೆ ಖಾಲಿ. ಒಂದು ಕಾಸೂ ಖರ್ಚಿಲ್ಲ. ಇದು ನನಗೆ ಎಷ್ಟು ತಡವಾಗಿ ಹೊಳೆಯಿತು ಎಂದು ಹೇಳಲು ನಾಚಿಕೆ. ಇನ್ನೊಂದು ಪೆಟ್ಟಿಗೆ ಗಣಿಯ ಬಾಯಲ್ಲಿ, ಲಿಫ್ಟ್ ಪಕ್ಕ. ತೊಂದರೆ ಒಂದೇ: ಲಿಫ್ಟ್ ನಿಲ್ಲುವುದು ಐದು ಮಹಡಿಗೊಮ್ಮೆ. 13ರಲ್ಲಿ ಚೀಲ ತುಂಬಿ ಮೇಲೆ ಬಂದರೆ, ಮತ್ತೆ 10ರಿಂದಲೇ ಇಳಿಯಬೇಕು. ಇಲ್ಲಿ 40ನೇ ಮಹಡಿ ಮುಟ್ಟಲು 27 ಆಯಿತು.

ಪೆಟ್ಟಿಗೆ ಎಲ್ಲಿಡುತ್ತೀರಿ ಎನ್ನುವುದು ಮುಖ್ಯ. ಒಮ್ಮೆ ಜಾಣತನ ಮಾಡಲು ಹೋಗಿ ಪಿಯರ್ ಅಂಗಡಿ ಹತ್ತಿರ ದಾರಿಯಲ್ಲೇ ಇಟ್ಟೆ. ಊರಿನವರು ತಮ್ಮ ದಾರಿಗೆ ಅಡ್ಡ ಬಂದ ಪೆಟ್ಟಿಗೆಯನ್ನು ಸುತ್ತಿಕೊಂಡು ಹೋಗಲ್ಲ, ಒಡೆದುಕೊಂಡೇ ಹೋಗುತ್ತಾರೆ. ಒಳಗಿದ್ದ ಸಾಮಾನೂ ಮಾಯ. ನನ್ನ ಮೂವತ್ತು ಚಿಲ್ಲರೆ ತಾಮ್ರದ ಅದಿರು ಹಾಗೇ ಹೋಯಿತು.

ಇದೇ 2,000ಕ್ಕೆ ಐದು ತಾಮ್ರದ ಗಟ್ಟಿ ಸೇರಿಸಿ ಪಿಕಾಸಿಯನ್ನು ತಾಮ್ರದ್ದು ಮಾಡಿಸಬಹುದು. ಅದೂ ಒಳ್ಳೆಯದೇ. ಆದರೆ ಎರಡು ದಿನ ಪಿಕಾಸಿ ಕಮ್ಮಾರ ಕ್ಲಿಂಟ್ ಬಳಿ ಇರುತ್ತದೆ. ಜೊತೆಗೆ ಬೇಗ ಒಡೆದರೆ ಐದು ಖಾನೆ ಇನ್ನೂ ಬೇಗ ತುಂಬುತ್ತದೆ, ಅಷ್ಟೇ.

10,000ದ ಚೀಲದ ಮಾತು ಬೇರೆ. ಅಷ್ಟೇ ದುಡ್ಡು ಮತ್ತು 450 ಮರದ ತುಂಡಿಗೆ ಬಡಗಿ ರಾಬಿನ್ ನಮ್ಮ ಮನೆಗೆ ಅಡುಗೆಮನೆ ಕಟ್ಟಿಕೊಡುತ್ತಾಳೆ. ನಾನು ಒಂದು ತೋಟದಲ್ಲಿ ಅಡುಗೆಮನೆ ಮೊದಲು ಮಾಡಿಸಿ ಪಶ್ಚಾತ್ತಾಪ ಪಟ್ಟೆ. ಊರಿನ ಕೆಟ್ಟ ಬಸ್ ರಿಪೇರಿಯಾಗಿ ಮರುಭೂಮಿಯ ಸ್ಕಲ್ ಕ್ಯಾವರ್ನ್ ಎಂಬ ಗುಹೆಗೆ ಹೋದರೆ ಅಲ್ಲಿ ಲಿಫ್ಟೇ ಇಲ್ಲ. ಹೊರಗೆ ಪೆಟ್ಟಿಗೆ ಇಟ್ಟರೂ, ಇಳಿಸಲು ಮೇಲೆ ಬಂದರೆ ಮತ್ತೆ ಒಂದನೇ ಮಹಡಿಯಿಂದಲೇ. ಅಲ್ಲಿ ಬೆನ್ನ ಮೇಲಿರುವ ಖಾನೆಯೇ ಗತಿ. ಬೇಸಿಗೆ ಮುಗಿಯುವುದರೊಳಗೆ 36 ಮಾಡಿಕೊಳ್ಳಿ.

ಮೊದಲ ಚೀಲದ ವಿಷಯದಲ್ಲಿ ನನ್ನ ಓಟು ಸ್ಟ್ರಾಬೆರಿಗೆ. ಚೀಲ ಬೇಡ ಅಂತಲ್ಲ, ಹತ್ತು ದಿನ ತಡವಾದರೂ ನಡೆಯುತ್ತದೆ ಅಂತ. 21 ಭಾನುವಾರ, ಅಂಗಡಿ ತೆರೆದೇ ಇರುತ್ತದೆ. ಈಗಿನ ತೋಟದಲ್ಲಿ ಬೆಳಿಗ್ಗೆ 20 ಹಣ್ಣು ಕಿತ್ತು, ಒಂಬತ್ತಕ್ಕೆ ಪಿಯರ್ ಕೌಂಟರಿಗೆ ಹೋದೆ. ಹಣ್ಣು ಅವನಿಗೇ 2,400ಕ್ಕೆ ಮಾರಿದೆ, ಅಲ್ಲೇ ಚೀಲ ಕೊಂಡೆ. ಮಿಕ್ಕ 400 ಕೈಯಲ್ಲಿತ್ತು, 25ರ ಕೊಯ್ಲು ಇನ್ನೂ ಗಿಡದಲ್ಲಿತ್ತು.